ಇನ್‌ಡಿಸೈನೋ, ಸ್ಕ್ರೈಬಸ್ಸೋ, ಕ್ಯಾನ್ವಾನೋ: ಹೊಸ ವಿಶ್ವವಿದ್ಯಾಲಯ ಪತ್ರಿಕೆ ಕಟ್ಟುವವರಿಗೆ ಒಂದು ಹೋಲಿಕೆ

ಹೊಸ ಪತ್ರಿಕೆ ಎಂದ ಕೂಡಲೇ ಎಲ್ಲರ ಕಣ್ಣು ಮುಖಪುಟದ ಮೇಲೆ. ವಿಶ್ವವಿದ್ಯಾಲಯದ ಪತ್ರಿಕೆಗೆ ಇರುವ ತೊಡಕೇ ಬೇರೆ. ಮೊದಲ ಸಂಚಿಕೆ ಕಟ್ಟಿದವರು ಮೂರನೆಯದು ಬರುವಷ್ಟರಲ್ಲಿ ಪದವಿ ಮುಗಿಸಿ ಹೊರಟಿರುತ್ತಾರೆ. ಹಾಗಾಗಿ ಪುಟ ಕಟ್ಟುವ ತಂತ್ರಾಂಶ, ಬೈಂಡಿಂಗ್, ಕಾಗದ, ಮುದ್ರಣ ಎಲ್ಲವನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ಈ ಕಡತ ತೆರೆದು ಮುಂದಿನ ತಂಡ ಎರಡನೇ ಸಂಚಿಕೆ ತರಬಲ್ಲುದೇ? ಪ್ರಯೋಗಕ್ಕೆ ಬಳಸಿದ ಸರಕೂ ಒಂದೇ. ಎ4 ಅಳತೆ, 48 ಪುಟ, ಎರಡು ಅಂಕಣ, ನಡುನಡುವೆ ಇಂಗ್ಲಿಷ್ ಪದ ಬೆರೆತ ಕನ್ನಡ ಪಠ್ಯ, ಒಂದಷ್ಟು ಚಿತ್ರ, ಕೊನೆಗೆ ರ‍್ಯಾಂಕ್ ಪಡೆದವರ ಪಟ್ಟಿ.

ಪುಟ ಕಟ್ಟುವ ಮೊದಲು ಬರಹವನ್ನು ಶುಚಿ ಮಾಡಿಕೊಳ್ಳಬೇಕು. ಲೇಖನಗಳು ಅರ್ಧ ಯೂನಿಕೋಡ್‌ನಲ್ಲಿ, ಅರ್ಧ ‘ನುಡಿ’, ‘ಬರಹ’, ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬಂದು ಬೀಳುತ್ತವೆ. ಎಲ್ಲವನ್ನೂ ಯೂನಿಕೋಡಿಗೆ ತಂದ ಮೇಲೆಯೇ ಮುಂದಿನ ಕೆಲಸ. ಪರಿವರ್ತಕಗಳು ಎಡವುವುದು ಬಹುಪಾಲು ಎರಡು ಕಡೆ: ಅರ್ಕಾವತ್ತು ತಪ್ಪು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಮತ್ತು ನಡುವೆ ಇದ್ದ ಇಂಗ್ಲಿಷ್ ಪದವೂ ಕನ್ನಡವೇ ಎಂದು ಭಾವಿಸಿ ಅದನ್ನು ಅರ್ಥವಿಲ್ಲದ ಅಕ್ಷರಗಳ ಗುಂಪಾಗಿಸುತ್ತವೆ. ಇವು ಕಣ್ಣಿಗೆ ಬೀಳುತ್ತವೆ, ತಿದ್ದಬಹುದು. ಕಣ್ಣಿಗೆ ಬೀಳದ್ದು ‘ರ‍್ಯಾಂಕ್’. ಈ ಪದದ ರಕಾರಕ್ಕೂ ಹಲಂತಕ್ಕೂ ನಡುವೆ ಅಗಲವೇ ಇಲ್ಲದ ಒಂದು ಜೋಡಕ್ಷರ ಚಿಹ್ನೆ ಕೂತಿರುತ್ತದೆ. ಹೆಚ್ಚುವರಿ ಖಾಲಿ ಜಾಗ ತೆಗೆಯಲು ಯಾರೋ ‘ಹುಡುಕಿ ಬದಲಿಸು’ ಓಡಿಸಿದರೆ ಅದೂ ಹೋಗುತ್ತದೆ, ಪಟ್ಟಿಯುದ್ದಕ್ಕೂ ‘ರ್ಯಾಂಕ್’ ಎಂದು ಅರ್ಕಾವತ್ತಿನೊಂದಿಗೆ ಅಚ್ಚಾಗುತ್ತದೆ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುವುದೂ ಇದೇ ಬಗೆಯ ಇನ್ನೊಂದು ಚಿಹ್ನೆ ಕಳೆದಾಗ.

ಈಗ ಮೂರು ತಂತ್ರಾಂಶ.

ಕ್ಯಾನ್ವಾದಲ್ಲಿ ಮುಖಪುಟ ಬೇಗ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ನಾಲ್ಕು ಜನ ಒಂದೇ ಕಡತದಲ್ಲಿ ಒಟ್ಟಿಗೆ ಕೆಲಸ ಮಾಡಬಹುದು, ಹೊಸಬರಿಗೆ ಕಲಿಸುವ ಗೋಜಿಲ್ಲ. ಒಳಪುಟಕ್ಕೆ ಇಳಿದರೆ ಸುಸ್ತು. ನಾವು ನೋಡಿದಾಗ ಒಂದು ಚೌಕದ ಪಠ್ಯ ತುಂಬಿ ಪಕ್ಕದ ಚೌಕಕ್ಕೆ ತಾನಾಗಿ ಹರಿಯುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಮೂರನೇ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಏಳನೇ ಪುಟದವರೆಗೂ ಕೈಯಿಂದಲೇ ಕತ್ತರಿಸಿ ಅಂಟಿಸಬೇಕು. ಇದನ್ನಾದರೂ ಸಹಿಸಬಹುದು, ಅದರ ಕಪ್ಪು ಬಣ್ಣವನ್ನಲ್ಲ. ಉಚಿತ ಆವೃತ್ತಿಯ ಪಿಡಿಎಫ್ ಆರ್‌ಜಿಬಿಯಲ್ಲಿ, ಅಂದರೆ ಪರದೆಗೆಂದು ಇರುವ ಕೆಂಪು-ಹಸಿರು-ನೀಲಿ ಬಣ್ಣಪದ್ಧತಿಯಲ್ಲಿ, ಹೊರಬರುತ್ತದೆ. ಪ್ರೆಸ್ಸಿನವರು ಅದನ್ನು ಅಚ್ಚಿನ ನಾಲ್ಕು ಶಾಯಿಗಳ ಪದ್ಧತಿಯಾದ ಸಿಎಂವೈಕೆಗೆ ತಿರುಗಿಸಿದಾಗ ಪಠ್ಯದ ಕಪ್ಪು ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಡುತ್ತದೆ. ಒಂದೊಂದು ಶಾಯಿಗೆ ಒಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಾಕು, 10 ಪಾಯಿಂಟಿನ ಅಕ್ಷರದ ಸುತ್ತ ಕೆಂಪು, ನೀಲಿ ಅಂಚು ಮೂಡಿ ಒತ್ತಕ್ಷರದ ಸಣ್ಣ ಕಣ್ಣುಗಳು ಮುಚ್ಚಿಹೋಗುತ್ತವೆ. ‘ಷ್ಟ್ರ’ದಂಥ ಕಡೆ ಏನಿದೆ ಎಂದೇ ತಿಳಿಯುವುದಿಲ್ಲ.

ಇನ್‌ಡಿಸೈನ್ ಈ ಮೂರರಲ್ಲಿ ಬಲಿಷ್ಠ, ಅದರಲ್ಲಿ ವಾದವಿಲ್ಲ. ಪ್ಯಾರಾಗ್ರಾಫ್ ಸ್ಟೈಲು (ಒಮ್ಮೆ ಹೊಂದಿಸಿಟ್ಟು ಮತ್ತೆ ಮತ್ತೆ ಬಳಸುವ ಪಠ್ಯದ ರೂಪ), ಮಾಸ್ಟರ್ ಪುಟ (ಎಲ್ಲ ಪುಟಗಳಿಗೂ ಅನ್ವಯಿಸುವ ಮಾದರಿ ಪುಟ), ಬೇಸ್‌ಲೈನ್ ಗ್ರಿಡ್ಡು (ಸಾಲುಗಳನ್ನು ಒಂದೇ ಮಟ್ಟದಲ್ಲಿ ಕೂರಿಸುವ ಗೆರೆಗಳು), ಸಾಲಿನ ಕೊನೆಯಲ್ಲಿ ಕನ್ನಡ ಪದ ಒಡೆಯುವ ನಿಘಂಟು ಎಲ್ಲ ಇವೆ. ಆದರೆ ಸ್ಟೈಲಿನ ಜಸ್ಟಿಫಿಕೇಶನ್ ವಿಭಾಗದಲ್ಲಿ, ಅಕ್ಷರ ಜೋಡಿಸಿ ಸಾಲು ಕಟ್ಟುವ ಕಂಪೋಸರನ್ನು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ಗೆ ಬದಲಿಸದಿದ್ದರೆ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ಪ್ರತಿ ಸ್ಟೈಲಿಗೂ ಬದಲಿಸಬೇಕು. ಮುಖ್ಯ ಪಠ್ಯಕ್ಕೆ ಬದಲಿಸಿ ಚಿತ್ರಶೀರ್ಷಿಕೆಯ ಸ್ಟೈಲನ್ನು ಮರೆಯುವುದು ಎಲ್ಲ ತಂಡಗಳೂ ಮಾಡುವ ತಪ್ಪು. ಇನ್ನೊಂದು ತೊಂದರೆ ಚಂದಾ. ಅದು ನಿಂತರೆ ಕಡತ ಇದ್ದೂ ಇಲ್ಲದಂತೆ. ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಹಳೆಯದರಲ್ಲಿ ನೇರವಾಗಿ ತೆರೆಯುವುದೂ ಇಲ್ಲ. ಆದ್ದರಿಂದ ಪ್ರತಿ ಸಂಚಿಕೆಯ ಕೊನೆಗೆ ಹಳೆಯ ಆವೃತ್ತಿಯಲ್ಲೂ ತೆರೆಯುವ ಐಡಿಎಂಎಲ್ ಮಾದರಿಯ ಒಂದು ಪ್ರತಿಯನ್ನು ತಪ್ಪದೆ ತೆಗೆದಿಡಬೇಕು.

ಸ್ಕ್ರೈಬಸ್ ಉಚಿತ, ಮುಕ್ತ ತಂತ್ರಾಂಶ. ‘ಅದರಲ್ಲಿ ಕನ್ನಡ ಬರೋದಿಲ್ಲ’ ಎಂಬ ಮಾತು ಇನ್ನೂ ಓಡಾಡುತ್ತಿದೆ, ಅದು 1.4 ಆವೃತ್ತಿಯ ಕಾಲದ ಮಾತು. 1.6ರಲ್ಲಿ ಒತ್ತಕ್ಷರ, ಅರ್ಕಾವತ್ತು ಎರಡೂ ಸರಿಯಾಗಿ ಕೂರುತ್ತವೆ. ಪಠ್ಯ ಚೌಕದಿಂದ ಚೌಕಕ್ಕೆ ಹರಿಯುತ್ತದೆ, ಸಿಎಂವೈಕೆ ಮೊದಲಿನಿಂದಲೂ ಇದೆ, ಕಪ್ಪು ಬರೀ ಕಪ್ಪಾಗಿಯೇ ಉಳಿಯುತ್ತದೆ. ಒರಟುತನವಂತೂ ಇದೆ. ಉದ್ದ ಲೇಖನವಿರುವ ಪುಟದಲ್ಲಿ ತಿದ್ದುವಾಗ ತೆವಳುತ್ತದೆ, ಟೇಬಲ್ ಮಾಡಲು ಹೋದರೆ ತಾಳ್ಮೆ ಪರೀಕ್ಷಿಸುತ್ತದೆ. ರ‍್ಯಾಂಕ್ ಪಟ್ಟಿಯನ್ನು ಟೇಬಲ್ಲಾಗಿಸದೆ ಟ್ಯಾಬ್ ನಿಲುಗಡೆ ಕೊಟ್ಟು ಕೂರಿಸಿದರೆ ನೆಮ್ಮದಿ. ಕರಡು ತಿದ್ದುವ ಕೆಲಸವನ್ನೆಲ್ಲ ಲಿಬ್ರೆಆಫೀಸ್‌ನಲ್ಲೇ ಮುಗಿಸಿ, ಅಂತಿಮ ಪಠ್ಯವನ್ನಷ್ಟೇ ಒಳಗೆ ತರಬೇಕು.

ನಮ್ಮ ಆಯ್ಕೆ: ಒಳಪುಟಕ್ಕೆ ಸ್ಕ್ರೈಬಸ್. ಕಲಿಯುವುದು ತುಸು ಕಷ್ಟವಾದರೂ ಮುಂದಿನ ತಂಡ ಯಾರ ಅನುಮತಿಯನ್ನೂ ಕಾಯದೆ ಕಡತ ತೆರೆಯಬಹುದು. ಇನ್‌ಡಿಸೈನ್ ಪರವಾನಗಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇದ್ದು ವರ್ಷವರ್ಷ ನವೀಕರಣವಾಗುತ್ತಿದ್ದರೆ ಮಾತ್ರ ಮಾತು ತಿರುಗುತ್ತದೆ. ಯಾರೋ ಒಬ್ಬರ ಸ್ವಂತ ಲ್ಯಾಪ್‌ಟಾಪಿನಲ್ಲಿರುವ ಇನ್‌ಡಿಸೈನನ್ನು ನಂಬಿ ಪತ್ರಿಕೆ ಆರಂಭಿಸಬಾರದು. ಕ್ಯಾನ್ವಾ ಪೋಸ್ಟರಿಗೆ ಇರಲಿ.

ಫಾಂಟಿನಲ್ಲಿ ಸ್ಪರ್ಧೆ ನಡೆದದ್ದು ನೋಟೋ ಸೆರಿಫ್ ಕನ್ನಡ ಮತ್ತು ಟಿರೋ ಕನ್ನಡದ ನಡುವೆ. ಎರಡೂ ಉಚಿತ. ಓದಲು ಟಿರೋ ಹಿತ, ಪುಸ್ತಕದ ಗುಣವಿದೆ, ಓರೆ ಅಕ್ಷರವೂ ಸಿಗುತ್ತದೆ. ಆದರೆ ದಪ್ಪಕ್ಷರ ಇಲ್ಲ. ದಪ್ಪ ಬೇಕೆಂದು ಬೋಲ್ಡ್ ಗುಂಡಿ ಒತ್ತಿದರೆ ಕೆಲವು ತಂತ್ರಾಂಶಗಳು ಗೆರೆ ಊದಿಸಿ ನಕಲಿ ದಪ್ಪ ಮಾಡಿ ಒಳಕಣ್ಣು ಮುಚ್ಚುತ್ತವೆ. ನೋಟೋ ಸೆರಿಫ್‌ನಲ್ಲಿ ತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ತೂಕಗಳಿವೆ (ಗೆರೆಯ ದಪ್ಪದ ಹಂತಗಳು), ಓರೆ ಇಲ್ಲ. ಪಠ್ಯಕ್ಕೆ ಟಿರೋ 10.5 ಪಾಯಿಂಟು, ಉಪಶೀರ್ಷಿಕೆಗೆ ಅನೇಕ್ ಕನ್ನಡ ಎಂಬ ಇನ್ನೊಂದು ಫಾಂಟಿನ ದಪ್ಪ ತೂಕ, ಇದು ಒಪ್ಪವಾಗಿ ಹೊಂದಿತು. ಸಾಲಿನ ಅಂತರ 15.5 ಪಾಯಿಂಟಿಗಿಂತ ಕಡಿಮೆ ಬೇಡ. ಇಂಗ್ಲಿಷಿನ ಲೆಕ್ಕದಲ್ಲಿ 13 ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಅಂಕಣದ ಎರಡೂ ಅಂಚು ಸಮ ಮಾಡುವ ಆಸೆಯನ್ನು ಕಿರಿದಾದ ಅಂಕಣದಲ್ಲಿ ಬಿಡುವುದೇ ಲೇಸು. ಕನ್ನಡದ ಉದ್ದ ಪದಗಳ ನಡುವೆ ಬಿಳಿಯ ಕಂದಕಗಳು ಬೀಳುತ್ತವೆ.

ಬೈಂಡಿಂಗ್‌ನಲ್ಲಿ ಎರಡು ದಾರಿ: ಹಾಳೆಗಳನ್ನು ಮಡಚಿ ಮಡಿಕೆಯ ಮೇಲೆ ಪಿನ್ ಹೊಡೆಯುವ ಸೆಂಟರ್ ಪಿನ್, ಮತ್ತು ಪುಸ್ತಕದಂತೆ ಬೆನ್ನಿಗೆ ಗೋಂದು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಬೆನ್ನಿರುವ ಪತ್ರಿಕೆ ಗಂಭೀರವಾಗಿ ಕಾಣುತ್ತದೆ ಎಂದು ಎಲ್ಲರೂ ಎರಡನೆಯದಕ್ಕೆ ಎಳೆಯುತ್ತಾರೆ. ಲೆಕ್ಕ ಹಾಕಿ ನೋಡಿ: 48 ಪುಟ ಎಂದರೆ 24 ಎಲೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದ ಸುಮಾರು 0.1 ಮಿ.ಮೀ. ದಪ್ಪ, ಬೆನ್ನು ಬರೀ 2.4 ಮಿ.ಮೀ. ಅಷ್ಟರ ಮೇಲೆ ಹೆಸರು ಅಚ್ಚಾಗದು, ಗೋಂದಿಗೂ ಹಿಡಿತ ಸಾಲದು. ಪುಟ 80 ದಾಟಿದ ಮೇಲೆ ಅದರ ಯೋಚನೆ ಮಾಡಬಹುದು. ಆಗಲೂ ಒಳಅಂಚು 20 ಮಿ.ಮೀ. ಬಿಡಬೇಕು. ಎರಡು ಪುಟಕ್ಕೆ ಹರಡಿದ ಗುಂಪು ಫೋಟೋದಲ್ಲಿ ನಡುವೆ ನಿಂತವರ ಮುಖ ಮಡಿಕೆಯೊಳಗೆ ಮಾಯವಾಗುತ್ತದೆ, ಆ ನಡುವಿನವರು ಸಾಮಾನ್ಯವಾಗಿ ಕುಲಪತಿಗಳೇ ಆಗಿರುತ್ತಾರೆ. ಪಿನ್ ಹೊಡೆದದ್ದು ಮಡಿಕೆಯವರೆಗೂ ಪೂರ್ತಿ ತೆರೆದುಕೊಳ್ಳುತ್ತದೆ. ಪುಟದ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು ಅಷ್ಟೆ. ಹಾಳೆಗಳು ಒಂದರೊಳಗೊಂದು ಕೂರುವುದರಿಂದ ನಡುವಿನ ಪುಟಗಳು ಒಂದು ಮಿ.ಮೀ.ಗೂ ಹೆಚ್ಚು ಹೊರಚಾಚಿ, ಕಟಿಂಗ್‌ನಲ್ಲಿ ಅಷ್ಟು ಅಂಚು ಕಳೆದುಕೊಳ್ಳುತ್ತವೆ. ಪುಟಸಂಖ್ಯೆಯನ್ನು ಹೊರಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟರೆ ತೊಂದರೆಯಿಲ್ಲ.

ಕಾಗದದ ಜಗಳ ಸಣ್ಣದು. ನುಣುಪು ಆರ್ಟ್ ಪೇಪರಿನಲ್ಲಿ ಫೋಟೋ ಮಿಂಚುತ್ತದೆ, ಜೊತೆಗೆ ದೀಪವೂ ಮಿಂಚಿ ಪಠ್ಯ ಓದುವವರ ಕಣ್ಣು ಕುಕ್ಕುತ್ತದೆ. ನುಣುಪಿಲ್ಲದ ಕಾಗದ ಶಾಯಿ ಹೀರಿ, ಚಿತ್ರವನ್ನು ಮೂಡಿಸುವ ಶಾಯಿಯ ಚುಕ್ಕಿಗಳನ್ನು ಹಿಗ್ಗಿಸುವುದರಿಂದ ಚಿತ್ರ ಕಂದುತ್ತದೆ. ಫೋಟೋಗಳ ನಡುಛಾಯೆಯನ್ನು (ತೀರ ಕಪ್ಪೂ ಅಲ್ಲದ, ತೀರ ಬಿಳಿಯೂ ಅಲ್ಲದ ಭಾಗ) ಮೊದಲೇ ತುಸು ತಿಳಿಗೊಳಿಸಿ ಕಳಿಸಿದರೆ ಸರಿಹೋಗುತ್ತದೆ. ಬಣ್ಣದ ವಿಭಾಗಕ್ಕೆ ಮಾತ್ರ ಆರ್ಟ್ ಪೇಪರ್ ಬೇಕಿದ್ದರೆ, ಪಿನ್ ಪತ್ರಿಕೆಯಲ್ಲಿ ಅದು ನಟ್ಟನಡುವಿನ ಫಾರ್ಮೇ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಂತೆ) ಆಗಿರಬೇಕು. ಬೇರೆಡೆ ಇಟ್ಟರೆ ಎರಡು ತುಂಡಾಗಿ ಮುಂದೊಂದು, ಹಿಂದೊಂದು ಬರುತ್ತದೆ.

ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಬೇಕೇ, ಪ್ಲೇಟಿಲ್ಲದೆ ಕಡತದಿಂದಲೇ ಅಚ್ಚಾಗುವ ಡಿಜಿಟಲ್ ಬೇಕೇ ಎಂಬುದನ್ನು ಪ್ರತಿಗಳ ಸಂಖ್ಯೆ ತೀರ್ಮಾನಿಸುತ್ತದೆ. ಕೆಲವೇ ನೂರು ಪ್ರತಿಯಾದರೆ ಡಿಜಿಟಲ್, ಸಾವಿರವಾದರೆ ಆಫ್‌ಸೆಟ್, ನಡುವೆ ಇದ್ದರೆ ಎರಡೂ ಕಡೆ ದರ ಕೇಳಬೇಕು. ಆಫ್‌ಸೆಟ್‌ನಲ್ಲಿ ದುಡ್ಡು ನುಂಗುವುದು ಪ್ಲೇಟು. ಹಾಳೆಯ ಒಂದು ಬದಿಗೆ 8 ಪುಟ ಕೂರುವ ಯಂತ್ರದಲ್ಲಿ 48 ಪುಟ ಮೂರು ಫಾರ್ಮು, ಆರು ಬದಿ. ಎಲ್ಲವೂ ಬಣ್ಣವಾದರೆ 24 ಪ್ಲೇಟು. ನಡುವಿನ ಒಂದು ಫಾರ್ಮಿಗೆ ಮಾತ್ರ ಬಣ್ಣ, ಉಳಿದೆರಡು ಕಪ್ಪು ಎಂದರೆ 12, ಅಂದರೆ ಅರ್ಧ. ಮುಖಪುಟದ ಪ್ಲೇಟು ಬೇರೆ.

ಪ್ಲೇಟಾದ ಮೇಲೆ ಸಿಗುವ ತಪ್ಪಿನಲ್ಲೂ ತಂತ್ರಾಂಶದ ಆಯ್ಕೆ ಲೆಕ್ಕಕ್ಕೆ ಬರುತ್ತದೆ. ಬಣ್ಣದ ಪುಟದಲ್ಲಿ ಒಂದು ಹೆಸರು ತಪ್ಪಿದ್ದು, ಪಠ್ಯ ಬರೀ ಕಪ್ಪಿನಲ್ಲಿದ್ದರೆ ಕಪ್ಪು ಪ್ಲೇಟೊಂದನ್ನೇ ಮತ್ತೆ ಮಾಡಿಸಿದರಾಯಿತು. ಅದೇ ಆರ್‌ಜಿಬಿಯಿಂದ ತಿರುಗಿ ಬಂದ ಕಪ್ಪಾಗಿದ್ದರೆ ನಾಲ್ಕೂ ಪ್ಲೇಟು. ಪ್ರೆಸ್ಸಿಗೆ ಕೊಡುವ ಮುನ್ನ ಪಿಡಿಎಫ್‌ನಲ್ಲಿ ಬಣ್ಣ ಬಿಡಿಸಿ ನೋಡುವ ಸೌಲಭ್ಯ ತೆರೆದು ಕಪ್ಪನ್ನು ಮರೆಮಾಡಿ. ಪಠ್ಯವೆಲ್ಲ ಮಾಯವಾಗಿ ಬಣ್ಣದ ಚಿತ್ರಗಳಷ್ಟೇ ಉಳಿದರೆ ಕಡತ ಸರಿಯಿದೆ. ಎಲ್ಲಾದರೂ ಮಸುಕು ಅಕ್ಷರ ಇನ್ನೂ ಕಾಣುತ್ತಿದ್ದರೆ ಆ ಪುಟ ವಾಪಸ್ ಬರಲಿ.