ಡ್ರಮ್ಮು, ತೇಲುವ ಮುಚ್ಚಳ, ಚಿಲ್ಲರ್ ಟ್ಯಾಂಕ್: ನಮ್ಮ ವೈನರಿಯಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಮೈಸುತ್ತ ತಂಪು ದ್ರವ ಹರಿಯುವ, ಮೇಲ್ಭಾಗ ಪೂರ್ತಿ ಮುಚ್ಚಿದ ಸ್ಟೀಲ್ ಟ್ಯಾಂಕನ್ನೇ ನಾನು ಮೊದಲು ಕೊಳ್ಳಬೇಕಾಗಿತ್ತು. ಹಣ ಉಳಿಸಲು ಹೋಗಿ ತೇಲುವ ಮುಚ್ಚಳದ ಟ್ಯಾಂಕ್ ತಂದು, ಒಂದು ಸುಗ್ಗಿಯ ಶೆನಿನ್ ಬ್ಲಾಂಕ್ (ಆ ಹೆಸರಿನ ಬಿಳಿ ದ್ರಾಕ್ಷಿಯ ವೈನ್) ಅಷ್ಟನ್ನೂ ಕಳೆದುಕೊಂಡೆ.

ದೊಡ್ಡಬಳ್ಳಾಪುರದ ಕಡೆಯ ನಮ್ಮ ತೋಟದಲ್ಲಿ ತಾತ ಚಪ್ಪರ ಹಾಕಿಸಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದು ಮಂಡಿಗೆ ಕಳಿಸುತ್ತಿದ್ದರು. 2007ರಲ್ಲಿ ರಾಜ್ಯದ ದ್ರಾಕ್ಷಾರಸ ನೀತಿ ಬಂದ ನಂತರ ಅಪ್ಪ ಪರವಾನಗಿ ಪಡೆದು, 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ವೈನ್ ಮಾಡತೊಡಗಿದರು. ಕೆಂಪು ವೈನಿಗೆ ಆ ಡ್ರಮ್ಮುಗಳು ಇಂದಿಗೂ ಸಾಕು. ಮೇಲಕ್ಕೆ ಉಬ್ಬಿ ಬರುವ ಸಿಪ್ಪೆಯನ್ನು ಮರದ ಹುಟ್ಟಿನಿಂದ ದಿನಕ್ಕೆರಡು ಬಾರಿ ಒತ್ತಿದರಾಯಿತು. ಬಿಳಿ ವೈನ್ ಮಾತ್ರ 12ರಿಂದ 16 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಬೇಕು. ಮಾರ್ಚ್ ಬಿಸಿಲಿನಲ್ಲಿ ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿ ಐಸ್ ಗಡ್ಡೆ ಜೋಡಿಸಿದರೂ, ಹುದುಗುವಾಗ ಹುಟ್ಟುವ ಶಾಖವೇ ಅದನ್ನು ಸೋಲಿಸಿ, ಹಣ್ಣಿನ ಪರಿಮಳವನ್ನೆಲ್ಲ ಹೊತ್ತೊಯ್ಯುತ್ತದೆ.

ತೇಲುವ ಮುಚ್ಚಳದ ಟ್ಯಾಂಕ್ ಕಾಗದದ ಮೇಲೆ ನಮಗೆಂದೇ ಮಾಡಿದಂತಿತ್ತು. ಇಳುವರಿ ಒಂದು ವರ್ಷ 900 ಲೀಟರ್, ಇನ್ನೊಂದು ವರ್ಷ 600. ರಸ ಎಷ್ಟಿದ್ದರೂ ಮುಚ್ಚಳ ಅದರ ಮಟ್ಟಕ್ಕೇ ಇಳಿದು ಕೂರುವುದರಿಂದ ನಡುವೆ ಗಾಳಿಗೆ ಎಡೆಯಿಲ್ಲ. ಆದರೆ ಆ ಮುಚ್ಚಳದ ಅಂಚನ್ನು ಬಿಗಿಯಾಗಿ ಹಿಡಿದಿಡುವುದು ಸೈಕಲ್ ಟ್ಯೂಬಿನಂತಹ ಒಂದು ರಬ್ಬರ್ ಬಳೆ. ಅದಕ್ಕೆ ಕೈಪಂಪಿನಿಂದ ಗಾಳಿ ತುಂಬಬೇಕು. ನಮ್ಮ ಬಳೆಯ ವಾಲ್ವ್ ಸಣ್ಣಗೆ ಸೋರುತ್ತಿತ್ತು. ರಾತ್ರಿ ಮಲಗುವಾಗ ಸರಿಯಿದ್ದ ಒತ್ತಡದ ಮುಳ್ಳು ಬೆಳಿಗ್ಗೆ ಅರ್ಧಕ್ಕೆ ಇಳಿದಿರುತ್ತಿತ್ತು. ನಾನು ಎದ್ದು ಪಂಪ್ ಹೊಡೆದು ಸುಮ್ಮನಾಗುತ್ತಿದ್ದೆ. ಮಾರಿದವರನ್ನು ಕೇಳಿದರೆ ಪಂಪ್ ಹೊಡೆಯುವ ಕ್ರಮವೇ ತಪ್ಪು ಎಂದರು. ಮೇ ತಿಂಗಳಲ್ಲಿ ನೆಂಟರ ಮದುವೆಗೆಂದು ಮೂರು ದಿನ ಬೀಗ ಹಾಕಿ ಹೋಗಿ ಬಂದಾಗ ಬಳೆ ಪೂರ್ತಿ ಚಪ್ಪಟೆಯಾಗಿ, ಮುಚ್ಚಳದ ಅಂಚಿನ ಸುತ್ತ ತೆಳುವಾದ ಬಿಳಿ ಕೆನೆ ಕಟ್ಟಿತ್ತು. ಉಗುರುಬಣ್ಣದಂತಹ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಆ ಮೂರು ದಿನವಷ್ಟೇ ಅಲ್ಲ, ಅಷ್ಟು ವಾರಗಳಿಂದ ಪ್ರತಿ ರಾತ್ರಿಯೂ ಗಾಳಿ ಒಳಹೋಗಿ, ವೈನನ್ನು ವಿನಿಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತಿತ್ತೆಂದು ನನಗೆ ಆಗ ಹೊಳೆಯಿತು. ಅಪ್ಪ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, “ಇದನ್ನ ಇನ್ನು ವಿನಿಗರ್ ಅಂತಲೇ ಕರೀಬೇಕು ಕಣಮ್ಮ” ಎಂದರು.

ಮುಚ್ಚಿದ ಟ್ಯಾಂಕಿನ ಬೆಲೆ, ದ್ರವವನ್ನು ತಂಪಾಗಿಸುವ ಚಿಲ್ಲರ್ ಯಂತ್ರ ಸೇರಿ, ತೇಲುವ ಮುಚ್ಚಳದ ಟ್ಯಾಂಕಿನ ಎರಡರಷ್ಟಕ್ಕಿಂತ ಹೆಚ್ಚಾಯಿತು. ಮುಚ್ಚಿದ ಟ್ಯಾಂಕಿಗೂ ಒಂದು ಹಟವಿದೆ: ಮೇಲೆ ಗಾಳಿ ಉಳಿಯದಂತೆ ಕಂಠದವರೆಗೆ ತುಂಬಲೇಬೇಕು. ಅದಕ್ಕಾಗಿ ಒಂದು ಸಾವಿರ ಲೀಟರಿನ ಬದಲು 500 ಲೀಟರಿನ ಎರಡನ್ನು ಲೆಕ್ಕ ಹಾಕಿ, ಸದ್ಯಕ್ಕೆ ಒಂದನ್ನು ಕೊಂಡೆ. ಉಳಿದ ರಸವನ್ನು ಗಾಜಿನ ಜಾಡಿಗಳಿಗೆ ಹಾಕಿಡುತ್ತೇನೆ. ಕರೆಂಟ್ ಹೋದಾಗ ಚಿಲ್ಲರ್ ನಿಂತರೂ ಟ್ಯಾಂಕಿನ ದಪ್ಪ ಹೊದಿಕೆಯಿಂದಾಗಿ ತಂಪು ಕೆಲವು ಗಂಟೆ ಉಳಿಯುತ್ತದೆ. ತೊಳೆಯುವುದು ಸುಲಭ.

ದಿನವೂ ಮುಳ್ಳು ನೋಡುವ ಶಿಸ್ತು ಇರುವವರಿಗೆ ತೇಲುವ ಮುಚ್ಚಳ ಒಗ್ಗೀತು. ನನಗೆ ಆ ಶಿಸ್ತಿಲ್ಲ. ತೋಟ, ಮಗುವಿನ ಶಾಲೆ, ಅಬಕಾರಿ ಇಲಾಖೆಯ ಲೆಕ್ಕಪುಸ್ತಕಗಳ ನಡುವೆ ರಾತ್ರಿ ಪಂಪ್ ಹೊಡೆಯಲಾರೆ. ಆ ಟ್ಯಾಂಕನ್ನು ಮಾರಲಿಲ್ಲ. ಮುಚ್ಚಳ ತೆಗೆದು ಗೋಡೆಗೆ ಒರಗಿಸಿದ್ದೇವೆ. ಈಗ ಅದರಲ್ಲಿ ಬೆಂಗಳೂರು ನೀಲಿ ಹುದುಗುತ್ತಿದೆ, ಅಪ್ಪ ತಮ್ಮ ಹಳೆಯ ಹುಟ್ಟಿನಿಂದಲೇ ಸಿಪ್ಪೆ ಒತ್ತುತ್ತಿದ್ದಾರೆ.