ವೈ-90 ಚಿಕಿತ್ಸೆ: ಲಿವರ್ ಜೊತೆ ಹೊಕ್ಕುಳ ಮೇಲಿನ ಚರ್ಮವನ್ನೂ ನೋಡಿ

ಲಿವರ್ ಕ್ಯಾನ್ಸರಿಗೆ ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಸಿಗುವ ವೈ-90 (ಇಟ್ರಿಯಂ-90 ಎಂಬ ವಿಕಿರಣ ವಸ್ತುವಿನ) ಚಿಕಿತ್ಸೆ ಎಷ್ಟು ಚೆನ್ನಾಗಿದೆ ಎಂಬುದು ಅದಕ್ಕೂ ಮೊದಲು ಲಿವರಿನ ರಕ್ತನಾಳಗಳ ನಕ್ಷೆಗಾಗಿ ಮಾಡುವ ಮ್ಯಾಪಿಂಗ್ ಆಂಜಿಯೋಗ್ರಾಂನಲ್ಲೇ ಗೊತ್ತಾಗುತ್ತದೆ. ತೊಡೆಸಂದಿ ಅಥವಾ ಮಣಿಕಟ್ಟಿನಿಂದ ತೂರಿಸಿದ ನಳಿಕೆಯಲ್ಲಿ ಇಟ್ರಿಯಂ-90 ಮಣಿಗಳನ್ನು ನೇರ ಗೆಡ್ಡೆಗೆ ಬಿಡುತ್ತಾರೆ. ಗಾಜಿನ ಮಣಿ 20–30 ಮೈಕ್ರಾನ್, ರಾಳದ್ದು 20–60. ಕಿರಣ ಸರಾಸರಿ 2.5 ಮಿಲಿಮೀಟರ್ ಮಾತ್ರ ಒಳಹೋಗುತ್ತದೆ. 64 ಗಂಟೆಗೊಮ್ಮೆ ಶಕ್ತಿ ಅರ್ಧಕ್ಕಿಳಿಯುತ್ತದೆ. ಮಣಿ ಸರಿಯಾದ ಜಾಗದಲ್ಲಿ ಕೂತರೆ ಅಚ್ಚುಕಟ್ಟಾದ ಚಿಕಿತ್ಸೆ, ಅನುಮಾನವಿಲ್ಲ.

ಕೂರದಿದ್ದರೆ? ಲಿವರಿನ ಎಡ ಅಥವಾ ನಡು ರಕ್ತನಾಳದಿಂದ ಫ್ಯಾಲ್ಸಿಫಾರ್ಮ್ ಎಂಬ ಎಳೆಯಂಥ ಕವಲು ಹೊಕ್ಕುಳ ಸುತ್ತಿನ ಹೊಟ್ಟೆಗೋಡೆಗೆ ಹೋಗುತ್ತದೆ. ಮಣಿಗಳು ಅದಕ್ಕೆ ನುಗ್ಗಿದರೆ ಚರ್ಮ ಒಳಗಿನಿಂದ ಬೇಯುತ್ತದೆ. ಮ್ಯಾಪಿಂಗ್ ದಿನ ಟೆಕ್ನೀಷಿಯಂ-ಎಂಎಎ (ಮಣಿ ಎಲ್ಲಿಗೆ ಹೋಗಬಹುದೆಂದು ತೋರಿಸುವ ಪರೀಕ್ಷಾ ಕಣ) ಬಿಟ್ಟು ತೆಗೆದ ಸ್ಪೆಕ್ಟ್-ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯ ಮುಂಭಾಗ ಹೊಳೆಯುತ್ತಿದೆಯೇ ಎಂದು ಕೇಳಿಯೇ ಕೇಳಿ. ಹೊಳೆದರೆ ಆ ಕವಲನ್ನು ಕಾಯಿಲ್ (ಪುಟ್ಟ ಲೋಹದ ಸುರುಳಿ) ಇಟ್ಟು ಮುಚ್ಚಬಹುದು, ನಳಿಕೆಯನ್ನು ಅದರಾಚೆಗೆ ದಾಟಿಸಬಹುದು. ಎರಡೂ ಆಗದಿದ್ದರೆ ಮಣಿ ಬಿಡುವಾಗ ಹೊಕ್ಕುಳ ಮೇಲೆ ಐಸ್ ಪ್ಯಾಕ್ ಇಡುತ್ತಾರೆ. ತಣ್ಣಗಾದ ಚರ್ಮದ ರಕ್ತನಾಳ ಕುಗ್ಗಿ ಹರಿವು ತಗ್ಗುತ್ತದೆ. ಇಷ್ಟು ಸರಳ ಕೆಲಸವನ್ನು ಮರೆಯುವುದಕ್ಕೆ ನೆಪವಿಲ್ಲ.

ಚರ್ಮಕ್ಕೆ ಪೆಟ್ಟಾಗಿರುವುದರ ಮೊದಲ ಸುಳಿವು ಹೊಟ್ಟೆಯ ಮೇಲ್ಭಾಗದ ಉರಿ. ಮನೆಯಲ್ಲಿ ಅದನ್ನು ಗ್ಯಾಸು ಅನ್ನುತ್ತಾರೆ. ಕೆಂಪು ಮಚ್ಚೆ ಏಳುವುದು ಕೆಲವು ದಿನ ಅಥವಾ ವಾರಗಳ ಮೇಲೆ, ಅಷ್ಟರಲ್ಲಿ ರೋಗಿ ಹಾಸನಕ್ಕೋ ಮಂಡ್ಯಕ್ಕೋ ವಾಪಸಾಗಿರುತ್ತಾರೆ. ಊರಲ್ಲಿ ಅದು ಸರ್ಪಸುತ್ತು ಅನ್ನಿಸಿಕೊಳ್ಳಬಹುದು. ಸರ್ಪಸುತ್ತು ಸಾಮಾನ್ಯವಾಗಿ ದೇಹದ ಒಂದೇ ಮಗ್ಗುಲಿಗೆ ಬರುತ್ತದೆ. ಇದು ಹೊಟ್ಟೆಯ ನಡುಗೆರೆಯಲ್ಲಿ, ಹೊಕ್ಕುಳ ಮೇಲೆ ಕೂರುತ್ತದೆ. ಬೆನ್ನಿನಲ್ಲಿ ಚೌಕಾಕಾರದ ಕಲೆ ಕಂಡರೆ ಅದು ಬೇರೆ: ಆಂಜಿಯೋಗ್ರಾಂ ಎಕ್ಸ್-ರೇ ಹೆಚ್ಚು ಹೊತ್ತು ಬಿದ್ದ ಜಾಗ ಇರಬಹುದು.

ಬಿಸಿನೀರಿನ ಚೀಲ, ಅರಿಶಿನದ ಪಟ್ಟು ಬೇಡವೇ ಬೇಡ. ಸೀರೆ, ಪಂಚೆ, ಪ್ಯಾಂಟಿನ ಕಟ್ಟು ಆ ಜಾಗಕ್ಕೆ ಉಜ್ಜದಂತೆ ಕೆಳಗಿಳಿಸಿ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು, ಸ್ಟಿರಾಯ್ಡ್ ಮುಲಾಮು ವೈದ್ಯರು ಹೇಳಿದರೆ ಮಾತ್ರ. ಹುಣ್ಣಾಗುವುದು ಅಪರೂಪ, ಆದರೆ ವಿಕಿರಣ ತಿಂದ ಚರ್ಮ ಬೇಗ ಕೂಡುವುದಿಲ್ಲ. ಆದ್ದರಿಂದ ವೈ-90 ಆದದ್ದನ್ನು ಹೇಳದೆ ಬಯಾಪ್ಸಿಗೆ (ಚರ್ಮದ ತುಣುಕು ಕತ್ತರಿಸಿ ಮಾಡುವ ಪರೀಕ್ಷೆಗೆ) ಒಪ್ಪಬೇಡಿ.

ಆಸ್ಪತ್ರೆಯ ಸೇವೆಯನ್ನು ಅಳೆಯುವಾಗ ನಾವು ಅಂಕ ಕಡಿಮೆ ಕೊಡುವುದು ಚರ್ಮದ ಮಾತೇ ಇಲ್ಲದ ಡಿಸ್ಚಾರ್ಜ್ ಸಮ್ಮರಿಗೆ. ಯಾವ ದಿನ, ಯಾವ ಮಣಿ, ಲಿವರಿನ ಯಾವ ಭಾಗ, ಫ್ಯಾಲ್ಸಿಫಾರ್ಮ್ ಕಂಡಿತ್ತೇ, ಉರಿಯಾದರೆ ಯಾರಿಗೆ ಫೋನ್ ಮಾಡಬೇಕು: ಇಷ್ಟನ್ನೂ ಬರೆಸಿಕೊಂಡೇ ಆಸ್ಪತ್ರೆ ಬಿಡಿ.