ಥಾರ್‌ನ ಹಿಂದಿನ ಮಲ್ಟಿಲಿಂಕ್ ಸಸ್ಪೆನ್ಷನ್: ತೋಟದ ದಾರಿಯಲ್ಲಿ ಓಡಿಸಿದವನ ಮಾತು

ಮಹೀಂದ್ರಾ ಥಾರ್‌ನ ಎಂಜಿನ್, ಮೈಲೇಜ್, ಟಚ್‌ಸ್ಕ್ರೀನ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಗಾಡಿ ಅಡಿಗೆ ಮಲಗಿದರೆ ಮಾತ್ರ ಕಾಣುವ ಹಿಂದಿನ ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಗಾಡಿಗೆ ಜೋಡಿಸಿ ಕುಲುಕಾಟ ತಡೆಯುವ ಭಾಗದ ಬಗ್ಗೆ. ನನ್ನದು 2020ರಲ್ಲಿ ಬಂದ ಹೊಸ ಮಾದರಿಯ ಡೀಸೆಲ್ ಫೋರ್ ಬೈ ಫೋರ್. ಮೂಡಿಗೆರೆ ಕಡೆ ಕಾಫಿ ತೋಟ. ಗೊಬ್ಬರದ ಮೂಟೆ, ಡೀಸೆಲ್ ಕ್ಯಾನು, ಪಂಪ್‌ಸೆಟ್ಟು ಎಲ್ಲ ಇದರಲ್ಲೇ ಹೋಗಬೇಕು, ಆಗಾಗ ಬೆಂಗಳೂರಿಗೂ ಇದೇ. ಇದಕ್ಕೆ ಮುಂಚೆ ಮನೆಯಲ್ಲಿದ್ದದ್ದು ಎಂಎಂ 540 ಜೀಪು. ಹಾಗಾಗಿ ಪ್ರತಿ ಹಳ್ಳದಲ್ಲೂ ಹೋಲಿಕೆ ತಾನಾಗಿಯೇ ಬರುತ್ತದೆ.

ಜೀಪಿಗೆ ನಾಲ್ಕೂ ಕಡೆ ಕಮಾನ್ ಪ್ಲೇಟು. ಆ ಪ್ಲೇಟಿನ ಮೇಲೆ ಎರಡು ಜವಾಬ್ದಾರಿ. ಭಾರವನ್ನೂ ಹೊರಬೇಕು, ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್‌ನ ಗಟ್ಟಿ ಕವಚ) ಹಿಂದೆ ಮುಂದೆ ಹೋಗದ ಹಾಗೆ ಹಿಡಿದೂ ಇಡಬೇಕು. ಗಟ್ಟಿ ಮಾಡಿದರೆ ಚಕ್ರ ಗುಂಡಿಗೆ ಇಳಿಯುವುದಿಲ್ಲ, ಮೆದು ಮಾಡಿದರೆ ಹಿಡಿತ ತಪ್ಪುತ್ತದೆ. ಥಾರ್‌ನ ಹಿಂದಿನ ಮಲ್ಟಿಲಿಂಕ್‌ನಲ್ಲಿ ಈ ಕೆಲಸಗಳನ್ನು ಹಂಚಿಬಿಟ್ಟಿದ್ದಾರೆ. ಭಾರ ಹೊರುವುದು ಕಾಯಿಲ್ ಸ್ಪ್ರಿಂಗ್. ಹೌಸಿಂಗ್ ಹಿಡಿಯುವುದು ರಾಡ್‌ಗಳು: ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಒಂದು. ಸ್ಪ್ರಿಂಗಿಗೆ ಹಿಡಿಯುವ ಚಿಂತೆ ಇಲ್ಲದ್ದರಿಂದ ಅದನ್ನು ಧೈರ್ಯವಾಗಿ ಮೆದು ಮಾಡಬಹುದು. ಇಷ್ಟೇ ಗುಟ್ಟು.

ಇದರ ಬೆಲೆ ಗೊತ್ತಾಗುವುದು ಏರಿನಲ್ಲಿ. ನಮ್ಮಲ್ಲಿ ಹಳ್ಳದಿಂದ ಕಣಕ್ಕೆ ಹತ್ತುವ ದಾರಿ ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಜೀಪಿನಲ್ಲಿ ಅಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ದಡದಡ ಅಂತ ಕುಣಿಯುತ್ತಿತ್ತು. ಚಕ್ರ ಮುಂದಕ್ಕೆ ತಿರುಗುವಾಗ ಹೌಸಿಂಗ್ ಅದಕ್ಕೆ ವಿರುದ್ಧವಾಗಿ ತಿರುಗಲು ನೋಡುತ್ತದೆ, ಕ್ರೌನ್‌ನ (ಹೌಸಿಂಗ್ ನಡುವೆ ಗೇರುಗಳಿರುವ ಉಬ್ಬು) ಮೂತಿ ಮೇಲೇಳುತ್ತದೆ. ಪ್ಲೇಟು ಆ ಒತ್ತಡಕ್ಕೆ ಸೊಟ್ಟಗೆ ಬಾಗಿ, ಟೈರ್ ಜಾರಿದ ಕೂಡಲೇ ಪಟ್ ಅಂತ ನೆಟ್ಟಗಾಗುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಕುಣಿತ ಅಂದರೆ ಇದು. ಥಾರ್‌ನಲ್ಲಿ ಕೆಳಗಿನ ಎರಡು ರಾಡ್ ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ, ಮೇಲಿನವು ಹೌಸಿಂಗಿನ ತಲೆ ಹಿಂದಕ್ಕೆ ವಾಲದಂತೆ ಎಳೆದು ಹಿಡಿಯುತ್ತವೆ. ಅದೇ ಏರು, ಅದೇ ಪಾಚಿ. ಟೈರ್ ಜಾರಬಹುದು, ಆದರೆ ಕುಣಿಯುವುದಿಲ್ಲ. ಲೋ ಗೇರಿನಲ್ಲಿ ಸುಮ್ನೆ ಹತ್ತುತ್ತದೆ.

ಕೊರಕಲಿನಲ್ಲೂ ಹಾಗೇ. ಬಲಗಡೆ ಹಿಂದಿನ ಚಕ್ರ ಕಲ್ಲು ಹತ್ತಿದರೆ ಎಡಗಡೆಯದು ತಾನಾಗಿ ಕೆಳಗೆ ಒತ್ತಲ್ಪಡುತ್ತದೆ, ಎರಡೂ ಒಂದೇ ಹೌಸಿಂಗಿನಲ್ಲಿವೆಯಲ್ಲ. ನನ್ನ ಗಾಡಿಯಲ್ಲಿ ಹಿಂದಿನ ಡಿಫರೆನ್ಷಿಯಲ್‌ಗೆ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಮೆಕ್ಯಾನಿಕಲ್ ಲಾಕ್ ಇದೆ. ಒಂದು ಚಕ್ರ ಗಾಳಿಯಲ್ಲಿ ಸುತ್ತತೊಡಗಿದರೆ ಅದು ಟಕ್ ಅಂತ ಹಿಡಿಯುತ್ತದೆ. ಆದರೆ ಚಕ್ರ ನೆಲ ಬಿಡದೆ ಹಿಡಿತ ಇಟ್ಟುಕೊಂಡರೆ ಅದಕ್ಕೆ ಕೆಲಸವೇ ಇಲ್ಲ. ಮುಂದುಗಡೆ ಕಥೆ ಬೇರೆ. ಅಲ್ಲಿ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು), ಎರಡೂ ಚಕ್ರ ಸ್ವತಂತ್ರ. ಟಾರ್ ರೋಡಿಗೆ, ಸ್ಟೀರಿಂಗಿಗೆ ಅದು ಒಳ್ಳೆಯದು. ಆದರೆ ಕೊರಕಲಿನಲ್ಲಿ ಮೊದಲು ನೆಲ ಬಿಟ್ಟು ಎದ್ದು ನಿಲ್ಲುವುದು ಮುಂದಿನ ಚಕ್ರವೇ. ಎರಡೂ ಕಡೆ ಗಟ್ಟಿ ಆಕ್ಸಲ್ ಬೇಕೇ ಬೇಕು ಅನ್ನುವವರು ಮಾರುತಿಯ ಜಿಮ್ನಿ ನೋಡಬಹುದು, ಅದರಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅದನ್ನು ಹಿಡಿಯಲು ತ್ರೀ ಲಿಂಕ್ (ಮೂರು ರಾಡ್) ಇದೆ.

ಈಗ ಅಡ್ಡ ರಾಡಿಗೆ ಬರೋಣ. ಪ್ಯಾನ್‌ಹಾರ್ಡ್ ರಾಡ್ ಅನ್ನುತ್ತಾರೆ. ಒಂದು ತುದಿ ಚಾಸಿಗೆ, ಇನ್ನೊಂದು ಹೌಸಿಂಗಿಗೆ. ಇದು ಗೇಟಿನ ಹಾಗೆ ಒಂದು ಕಡೆ ಕೀಲು ಇಟ್ಟುಕೊಂಡು ತಿರುಗುವುದರಿಂದ, ಹೌಸಿಂಗ್ ಮೇಲೆ ಕೆಳಗೆ ಆಡುವಾಗ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ. ಹಂಪ್ ಹಾರಿಸಿದಾಗ ಸೊಂಟ ಬಳುಕಿದ ಹಾಗೆ ಅನ್ನಿಸುವುದು ಇದರಿಂದಲೇ. ಇದು ಯಾವ ಕಂಪನಿಯ ತಪ್ಪೂ ಅಲ್ಲ, ಆ ರಾಡಿನ ಸ್ವಭಾವ. 2022ರಲ್ಲಿ ಬಂದ ಸ್ಕಾರ್ಪಿಯೋ ಎನ್‌ನಲ್ಲಿ ಇದರ ಬದಲು ವ್ಯಾಟ್ಸ್ ಲಿಂಕೇಜ್ ಹಾಕಿದ್ದಾರೆ. ಎರಡು ರಾಡು, ನಡುವೆ ತಿರುಗುವ ಒಂದು ತುಂಡು. ಹೌಸಿಂಗ್ ಹೆಚ್ಚು ಕಡಿಮೆ ನೇರವಾಗಿ ಮೇಲೆ ಕೆಳಗೆ ಹೋಗುತ್ತದೆ. ಸ್ನೇಹಿತರೊಬ್ಬರ ಗಾಡಿಯಲ್ಲಿ ಚಾರ್ಮಾಡಿ ಇಳಿದು ನೋಡಿದೆ, ತಿರುವಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ತೋಟದೊಳಗೆ ಗೊತ್ತಾಗುವುದಿಲ್ಲ.

ಖರ್ಚಿನ ವಿಷಯ. ಪ್ರತಿ ರಾಡಿನ ಎರಡೂ ತುದಿಗೆ ರಬ್ಬರ್ ಬುಶ್. ಐದು ರಾಡು ಅಂದರೆ ಹತ್ತು ಬುಶ್. ಕೆಸರು, ಭಾರ, ಬಿಸಿಲು ಸೇರಿ ಇವು ಸವೆಯುವುದು ಸಹಜ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ಟೊಕ್ ಅಂದರೆ ಮೊದಲು ಅಲ್ಲಿ ನೋಡಿ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಬುಶ್ ಬದಲಾಯಿಸಿದರು, ಒಂದೇ ಮಳೆಗಾಲಕ್ಕೆ ಎರಡು ಹರಿದವು. ಬುಶ್ ಒಳ್ಳೆಯದೇ, ಹಾಕಿದ ರೀತಿ ಸರಿ ಇರಲಿಲ್ಲ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದಿದ್ದರು. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಬೋಲ್ಟ್ ಸಡಿಲ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಬೇಕು. ಮುಂದೆ ನಿಂತು ಹೇಳಿ ಮಾಡಿಸಿ, ಸಂಕೋಚ ಬೇಡ.

ಲಿಫ್ಟ್ ಕಿಟ್ ಹಾಕಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ಉದ್ದದ ಸ್ಪ್ರಿಂಗ್ ಹಾಕಿ ಗಾಡಿ ಎತ್ತಿದರೆ, ಅಳತೆ ಬದಲಾಗದ ಆ ಅಡ್ಡ ರಾಡು ಹೌಸಿಂಗನ್ನು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಒಂದು ಟೈರ್ ಫೆಂಡರ್‌ನಿಂದ ಆಚೆ, ಇನ್ನೊಂದು ಒಳಗೆ. ಉದ್ದ ಹೊಂದಿಸಬಹುದಾದ ರಾಡು ಸೇರದ ಕಿಟ್ಟನ್ನು ಮುಟ್ಟಬೇಡಿ. ಇನ್ನೊಂದು ವಿಷಯ, ಸ್ಪ್ರಿಂಗ್ ಎತ್ತರಿಸಿದರೆ ಏಳುವುದು ಬಾಡಿ, ಹೌಸಿಂಗ್ ಅಲ್ಲ. ಕ್ರೌನ್ ಕಲ್ಲಿಗೆ ತಾಗುತ್ತಿದ್ದರೆ ದೊಡ್ಡ ಟೈರ್ ಹಾಕಬೇಕೇ ಹೊರತು ಕಿಟ್ ಉಪಯೋಗಕ್ಕೆ ಬರುವುದಿಲ್ಲ. ನಾನು ಕಂಪನಿ ಸ್ಪ್ರಿಂಗಿನಲ್ಲೇ ಇದ್ದೇನೆ, ದುಡ್ಡು ಆಲ್ ಟೆರೇನ್ ಟೈರಿಗೆ ಹಾಕಿದೆ.